ಬೂದಿಯ ಮೇಲೆ ಹೆಜ್ಜೆ ನೋಡುವ ಮಾರಕ್ಕ

ಒಲೆಯಿಂದ ತೆಗೆದ ಬೂದಿ ಆರಿ ತಣ್ಣಗಾಗಿದೆ. ಮಾರಕ್ಕ ಅದನ್ನು ಮಂಕರಿಯಿಂದ ಜರಡಿಗೆ ಸುರಿದುಕೊಂಡು, ಸೊಂಟ ಬಗ್ಗಿಸಿ, ಹಿಂದುಹಿಂದಕ್ಕೆ ನಡೆಯುತ್ತ ನೆಲದ ಮೇಲೆ ಉದುರಿಸುತ್ತಿದ್ದಾರೆ. ಎಡಗೈ ಜರಡಿ ಹಿಡಿದಿದೆ. ಬಲಗೈ ಅದರ ಅಂಚನ್ನು ಮೆಲ್ಲಗೆ ತಟ್ಟುತ್ತಿದೆ. ಇದ್ದಿಲ ಚೂರು ಜರಡಿಯಲ್ಲೇ ಉಳಿಯುತ್ತದೆ, ಕೆಳಗೆ ಬೀಳುವುದು ರಾಗಿಹಿಟ್ಟಿಗಿಂತ ನುಣುಪಾದ ಬೂದಿ. ಸಗಣಿ ಸಾರಿಸಿ ಗಟ್ಟಿ ಮಾಡಿದ ಹತ್ತು ಮಾರು ಉದ್ದದ ದಾರಿ ಪೂರ್ತಿ ಬೆಳ್ಳಗಾಗುವವರೆಗೂ ಮಾರಕ್ಕ ಬಾಯಿ ಬಿಡುವುದಿಲ್ಲ. ಪಕ್ಕದ ಗೂಡುಗಳಲ್ಲಿ ಹನ್ನೊಂದು ಅಲ್ಸೇಷನ್ ನಾಯಿಗಳು ಕಿವಿ ನಿಗುರಿಸಿ ನಿಂತಿವೆ. ಅವೂ ಬಾಯಿ ಬಿಡುವುದಿಲ್ಲ. ಈ ಹೊತ್ತಿನಲ್ಲಿ ಬೊಗಳಿದ ನಾಯಿಯ ಸರದಿ ಕೊನೆಗೆ ಹೋಗುತ್ತದೆ ಎಂಬುದು ಅವಕ್ಕೆ ಗೊತ್ತು.

ದಿನವೂ ಎರಡಡಿ ಅಗಲಕ್ಕೆ ಬೀಳುವ ಬೂದಿ ಇವತ್ತು ನಾಲ್ಕಡಿ ಅಗಲಕ್ಕೆ ಬಿದ್ದಿದೆ. ಅದಕ್ಕೆಂದೇ ಮಾರಕ್ಕ ಮೂರು ದಿನದಿಂದ ಒಲೆಯ ಬೂದಿಯನ್ನು ಪಾತ್ರೆ ತೊಳೆಯಲು ಕೂಡ ಕೊಡದೆ ಕೂಡಿಟ್ಟಿದ್ದಾರೆ.

ದೇವನಹಳ್ಳಿ ತಾಲ್ಲೂಕಿನ ಆವತಿಯಿಂದ ಎರಡು ಮೈಲಿ ಒಳಗೆ, ನೀಲಿ ದ್ರಾಕ್ಷಿಯ ಚಪ್ಪರ ಮುಗಿಯುವ ಕಡೆ ಈ ನಾಯಿಮನೆ ಇದೆ. ತೋಟ ಆದಿನಾರಾಯಣಪ್ಪನವರದು, ನಾಯಿಯ ಹುಚ್ಚು ಅವರ ಮಗ ನವೀನ್‌ಕುಮಾರ್ ಅವರದು. ಜಾತಿ ನಾಯಿಗಳ ಪ್ರದರ್ಶನ ಎಲ್ಲಿ ನಡೆದರೂ ನವೀನ್ ತಮ್ಮ ಮೆಟಡಾರ್‌ನಲ್ಲಿ ನಾಯಿಗಳನ್ನು ಹತ್ತಿಸಿಕೊಂಡು ಹೋಗುತ್ತಾರೆ. ಮನೆಯ ಹಾಲ್‌ನಲ್ಲಿ ಒಂದು ಗಾಜಿನ ಬೀರು ತುಂಬ ಕಪ್ಪುಗಳಿವೆ. ಆ ಕಪ್ಪು ಗೆದ್ದ ನಾಯಿಗಳನ್ನು ಹುಟ್ಟಿಸಿ, ಉಣ್ಣಿಸಿ, ಉಗುರು ಕತ್ತರಿಸಿ, ಓಡಾಡಿಸಿ ಬೆಳೆಸಿದವರು ಮಾರಕ್ಕ. ವಯಸ್ಸು ನಲವತ್ತೆಂಟು. ಓದಿದ್ದು ಎರಡನೇ ಕ್ಲಾಸು.

ಮೊದಲ ನಾಯಿ ಗೂಡಿನಿಂದ ಹೊರಗೆ ಬರುತ್ತದೆ. ಮಾರಕ್ಕ ಸೀರೆಯ ನೆರಿಗೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚೈನನ್ನು ಸಡಿಲ ಬಿಟ್ಟು, ತಾವು ಬೂದಿಯ ಪಕ್ಕದಲ್ಲಿ ಸಣ್ಣಗೆ ಓಡುತ್ತ ನಾಯಿಯನ್ನು ಬೂದಿಯ ಮೇಲೆ ಓಡಿಸುತ್ತಾರೆ. ಆ ತುದಿಯ ಕಲ್ಲುಕಂಬಕ್ಕೆ ಅದನ್ನು ಕಟ್ಟಿ ಬಂದು ಕುಕ್ಕರುಗಾಲಲ್ಲಿ ಕೂತು ಹೆಜ್ಜೆ ನೋಡುತ್ತಾರೆ. ಮುಂಗಾಲಿಟ್ಟ ಗುರುತಿನ ಮೇಲೆಯೇ ಹಿಂಗಾಲಿನ ಗುರುತು ಬಿದ್ದಿದ್ದರೆ ತಲೆಯಾಡಿಸಿ ಏಳುತ್ತಾರೆ. ಆಚೀಚೆ ಬಿದ್ದಿದ್ದರೆ ಆ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಮೇಲಿನವರೆಗೂ ಬೆರಳಲ್ಲಿ ಒತ್ತುತ್ತ ಹೋಗುತ್ತಾರೆ. ಆಮೇಲೆ ಪೊರಕೆ ಆಡಿಸಿ, ಬೂದಿ ಸಮ ಮಾಡಿ, ಮುಂದಿನ ನಾಯಿ.

"ಕಣ್ಣಿಗೆ ನಾಯಿ ಮೋಸ ಮಾಡ್ತದೆ ಕಣಮ್ಮ," ಎನ್ನುತ್ತಾರೆ. "ಕೂದ್ಲು ಐತೆ, ಬಾಲ ಐತೆ, ಮುಖ ಐತೆ. ಎಲ್ಲಾ ಸೇರ್ಕಂಡು ಕಾಲುನ್ನ ಮುಚ್ಚಾಕ್ತವೆ. ಬೂದಿಗೆ ಅವು ಯಾವೂ ಕಾಣ್ಸಲ್ಲ. ಕಾಲೊಂದೇ."

ಒಂಬತ್ತು ನಾಯಿಗಳ ಸರದಿ ಮುಗಿಯುವ ಹೊತ್ತಿಗೆ ಬಿಸಿಲು ಚಪ್ಪರದ ಮೇಲಕ್ಕೆ ಬಂದಿದೆ. ಇನ್ನು ಉಳಿದಿರುವುದು ಎರಡೇ, ಗೌರಿ ಮತ್ತು ಜೂಲಿ. ಎರಡೂ ಹೆಣ್ಣು. ಇವೆರಡನ್ನು ಮಾರಕ್ಕ ಬೇಕೆಂದೇ ಕೊನೆಗೆ ಉಳಿಸಿಕೊಂಡಿದ್ದಾರೆ. ಎಂಟು ಗಂಟೆಗೆ ನೆಲಮಂಗಲದ ಕಡೆಯ ಹಂಚಿನ ಕಾರ್ಖಾನೆಯೊಂದರಿಂದ ಜೀಪು ಬರುತ್ತದೆ. ಗೇಟಿನ ಕಾವಲಿಗೆ ಕಟ್ಟಲು ಅವರಿಗೊಂದು ನಾಯಿ ಬೇಕು. ನವೀನ್ ಕೊಡುತ್ತೇನೆಂದು ಮಾತು ಕೊಟ್ಟಿರುವುದು ಗೌರಿಯನ್ನು.

ಬೂದಿಯ ಈ ವಿದ್ಯೆ ಮಾರಕ್ಕನಿಗೆ ಬಂದದ್ದು ಅಪ್ಪನಿಂದ. ತವರು ತ್ಯಾಮಗೊಂಡ್ಲು ಕಡೆ. ಕುರಿ ಸಾಕುವ ಮನೆಯಲ್ಲಿ ಹುಟ್ಟಿ ಕುರಿ ಸಾಕುವ ಮನೆಗೇ ಸೇರಿದವರು. ಸುಗ್ಗಿ ಮುಗಿದ ಮೇಲೆ ಅವರ ಮಂದೆ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಹೋಗಿ ನಿಲ್ಲುತ್ತಿತ್ತು. ಹೊಲದವರಿಗೆ ಗೊಬ್ಬರ ಸಿಗುತ್ತಿತ್ತು, ಇವರಿಗೆ ರಾಗಿ. ಮಂದೆಯ ಜೊತೆ ಎರಡು ನಾಯಿಗಳು. ನಾಯಿ ಮರಿ ಹಾಕಿದಾಗ ಅಪ್ಪ ಮರಿಗಳನ್ನು ಅಡುಗೆಯ ಮೂರು ಕಲ್ಲಿನ ಸುತ್ತ ಹರಡಿದ ಬೂದಿಯ ಮೇಲೆ ಬಿಡುತ್ತಿದ್ದರು. ಹಿಂಗಾಲನ್ನು ಮುಂಗಾಲಿನ ಗುರುತಿಗೆ ಇಡುವ ಮರಿ ಮಂದೆಗೆ. ಉಳಿದವು ಕೇಳಿದವರಿಗೆ.

"ಮುಂಗಾಲನ್ನ ನಾಯಿ ನೋಡ್ಕಂಡು ಇಕ್ತದೆ. ಹಿಂಗಾಲನ್ನ ನೋಡಕ್ಕಾಗಲ್ವಲ್ಲ," ಎಂದು ಮಾರಕ್ಕ ವಿವರಿಸುತ್ತಾರೆ. "ಅದೇ ಜಾಗದಾಗೆ ಇಕ್ಕಿದ್ರೆ ಮುಳ್ಳು ಚುಚ್ಚಲ್ಲ, ಕಲ್ಲು ಎಡವಲ್ಲ. ಹತ್ತು ಮೈಲಿ ನಡೆದ್ರೂ ನಾಲ್ಗೆ ಹೊರೀಕೆ ಬರಲ್ಲ. ಬೇರೆ ಜಾಗದಾಗೆ ಇಕ್ಕೋದು ಅರ್ಧ ದಿನಕ್ಕೇ ಮಲಿಕ್ಕಂತದೆ. ಕುರಿ ಕಾಯೋನಿಗೆ ಮಲಗೋ ನಾಯಿ ಯಾತಕ್ಕೆ?"

ಎಂಬತ್ತೇಳರಲ್ಲಿ ಗಂಡ ಬೈರಪ್ಪ ಮತ್ತು ಮಾರಕ್ಕ ತಮ್ಮ ಮಂದೆಯನ್ನು ಆದಿನಾರಾಯಣಪ್ಪನವರ ಹೊಲದಲ್ಲಿ ನಿಲ್ಲಿಸಿದ್ದರು. ಆಗ ನವೀನ್ ಬಳಿ ಇದ್ದದ್ದು ಒಂದೇ ಅಲ್ಸೇಷನ್. ಅದು ಹದಿನೈದು ದಿನದಿಂದ ಸ್ವಲ್ಪ ಕುಂಟುತ್ತಿತ್ತು. ಡಾಕ್ಟರು ಎರಡು ಸಲ ಬಂದು ಸೊಂಟದ ನೋವು ಎಂದು ಸೂಜಿ ಹಾಕಿ ಹೋಗಿದ್ದರು. ಮಾರಕ್ಕ ಆ ನಾಯಿಯನ್ನು ನೋಡಿರಲೇ ಇಲ್ಲ. ನೀರಿಗೆ ಹೋಗುವಾಗ ಗಾಡಿ ದಾರಿಯ ಧೂಳಿನಲ್ಲಿ ಬಿದ್ದಿದ್ದ ಅದರ ಹೆಜ್ಜೆ ನೋಡಿ, ಬಿಂದಿಗೆ ಹೊತ್ತುಕೊಂಡೇ ನವೀನ್‌ಗೆ ಹೇಳಿದ್ದರು: "ಅಪ್ಪಾ, ಆ ನಾಯಿಗೆ ಎಡಗಡೆ ಹಿಂಗಾಲು, ಹೊರಗಡೆಯಿಂದ ಎರಡ್ನೇ ಬೆರಳು, ಅದರ ಸಂದಿನಾಗೆ ಏನೋ ಐತೆ." ಬಿಡಿಸಿ ನೋಡಿದರೆ ಜಾಲಿಮುಳ್ಳಿನ ತುದಿ. ಆ ಸುಗ್ಗಿ ಮುಗಿದ ಮೇಲೆ ಬೈರಪ್ಪ ಮಂದೆ ಹೊಡೆದುಕೊಂಡು ಮುಂದಿನ ಊರಿಗೆ ಹೋದರು. ಮಾರಕ್ಕ ನಾಯಿ ನೋಡಿಕೊಳ್ಳುವ ಕೆಲಸಕ್ಕೆ ಇಲ್ಲೇ ಉಳಿದರು.

ಈಗ ಬೈರಪ್ಪ ತಿಂಗಳಿಗೊಂದು ಸಲ ಮಂದೆಯ ಜೊತೆ ಈ ಕಡೆ ಬರುತ್ತಾರೆ. ಬಂದಾಗಲೆಲ್ಲ ಒಂದೇ ಮಾತು. "ಏನಮ್ಮೀ, ಈ ತೋಳಗಳ ಮಧ್ಯೆ ನನ್ನ ನೆಪ್ಪು ಐತೋ ಇಲ್ವೋ?"

"ಇಲ್ದೆ ಏನು? ಉಣ್ಣಿ ಕೀಳುವಾಗೆಲ್ಲ ನಿನ್ನೇ ನೆನಿಸ್ಕಂತೀನಿ," ಎನ್ನುತ್ತಾರೆ ಮಾರಕ್ಕ.

ಕೆಲಸ ಶುರುವಾಗುವುದು ಬೆಳಗಿನ ಜಾವ ನಾಲ್ಕು ಗಂಟೆಗೆ. ಇಪ್ಪತ್ತೆರಡು ಬಿಂದಿಗೆ ನೀರು ಸೇದಿ ಗೂಡುಗಳನ್ನು ತೊಳೆಯಬೇಕು. ಆರು ಸೇರು ರಾಗಿಹಿಟ್ಟಿನ ಅಂಬಲಿ ಕಾಯಿಸಿ, ಅದಕ್ಕೆ ಬೇಯಿಸಿದ ಬೋಟಿ ಮತ್ತು ಮೂಳೆಸಾರು ಹಾಕಿ ಹನ್ನೊಂದು ತಟ್ಟೆಗೆ ಹಂಚಬೇಕು. ಮರಿ ಹಾಕಿದ ತಾಯಿಗೆ ಹಾಲು ಬೇರೆ. ಮಧ್ಯಾಹ್ನ ಒಂದೊಂದೇ ನಾಯಿಯನ್ನು ನೆರಳಲ್ಲಿ ಮಲಗಿಸಿಕೊಂಡು ಕಿವಿ, ಬೆರಳ ಸಂದು, ಬಾಲದ ಬುಡ ಹುಡುಕಿ ಉಣ್ಣಿ ಕೀಳುತ್ತಾರೆ. ತೆಂಗಿನ ಚಿಪ್ಪಿನಲ್ಲಿ ಸೀಮೆಎಣ್ಣೆ, ಅದರೊಳಗೆ ದಿನಕ್ಕೆ ನೂರಕ್ಕೆ ಕಡಿಮೆಯಿಲ್ಲ. ಈ ಏಳು ವರ್ಷದಲ್ಲಿ ನೂರ ನಲವತ್ತಕ್ಕೂ ಹೆಚ್ಚು ಮರಿಗಳು ಅವರ ಕೈಮೇಲೆ ಹುಟ್ಟಿವೆ. ಬಲ ಮುಂಗೈಯಲ್ಲಿ ನಾಲ್ಕು ಹೊಲಿಗೆಯ ಕಲೆ ಇದೆ. "ಅದು ನಾಯಿ ತಪ್ಪಲ್ಲ. ಹಾಲೂಡ್ಸೋ ತಾಯಿ ಹತ್ರ ಹಿಂದ್ಗಡೆಯಿಂದ ಹೋದೆ. ನಾನಾಗಿದ್ರೂ ಕಚ್ತಿದ್ದೆ."

ಪ್ರದರ್ಶನದ ದಿನ ಒಂದು ಪುಸ್ತಕ ಅಚ್ಚು ಹಾಕಿಸುತ್ತಾರೆ. ಅದರಲ್ಲಿ ನಾಯಿಯ ಹೆಸರು, ಅಪ್ಪ, ಅಮ್ಮ, ಹುಟ್ಟಿದ ತಾರೀಖು, ಮಾಲೀಕರು ಎಲ್ಲ ಇರುತ್ತದೆ. ಗೌರಿಗೆ ಅಲ್ಲಿ ನಾಲ್ಕು ಪದಗಳ ಇಂಗ್ಲಿಷ್ ಹೆಸರು. ಅದನ್ನು ಮಾರಕ್ಕನಿಗೆ ಹೇಳಲು ಬರುವುದಿಲ್ಲ, ಗೌರಿಗೂ ಅದು ತನ್ನ ಹೆಸರೆಂದು ಗೊತ್ತಿಲ್ಲ. ಮಾರಕ್ಕನ ಹೆಸರು ಬರೆಯಲು ಆ ಪುಸ್ತಕದಲ್ಲಿ ಜಾಗವಿಲ್ಲ.

ಅಲ್ಸೇಷನ್ ಎಂದರೆ ಪೊಲೀಸರ ನಾಯಿ ಎಂದೇ ಮಾರಕ್ಕ ಬಹಳ ಕಾಲ ತಿಳಿದಿದ್ದರು. ಒಂದು ದಿನ ನವೀನ್ ಯಾವುದೋ ದಪ್ಪ ಪುಸ್ತಕ ಹಿಡಿದುಕೊಂಡು ಬಂದರು.

"ಮಾರಕ್ಕ, ಇವು ಮೊದ್ಲು ಏನ್ ಮಾಡ್ತಿದ್ವು ಗೊತ್ತಾ? ಜರ್ಮನಿಯಲ್ಲಿ ಕುರಿ ಕಾಯ್ತಿದ್ವು."

"ಬಿಡಪ್ಪಾ, ನಮ್ಮನ್ನ ಆಡ್ಕಬೇಡ."

"ದೇವ್ರಾಣೆ ಕಣಕ್ಕ. ನೋಡಿಲ್ಲಿ, ಚಿತ್ರಾನೂ ಹಾಕವ್ರೆ."

ಚಿತ್ರದಲ್ಲಿ ದೊಡ್ಡ ಟೋಪಿಯ ಕುರಿಗಾಹಿಯೊಬ್ಬ ಕೋಲು ಊರಿ ನಿಂತಿದ್ದ. ಪಕ್ಕದಲ್ಲಿ ನಾಯಿ, ಹಿಂದೆ ಕುರಿ ಮಂದೆ. ಮಾರಕ್ಕ ಅದನ್ನು ಬಹಳ ಹೊತ್ತು ನೋಡಿದರು. ಕೊನೆಗೆ, "ಕೋಲು ಹಿಡಿದಿರೋದು ನಮ್ಮಪ್ಪನಂಗೇ ಅವ್ನೆ. ಹಂಗಾರೆ ಇವು ನಮ್ಮೋರ ಪೈಕಿನೇ ಬಿಡು," ಎಂದರು. ಅವತ್ತಿನಿಂದ ಅವರಿಗೆ ಈ ನಾಯಿಗಳ ಬಗ್ಗೆ ಅಭಿಪ್ರಾಯ ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಅಭಿಪ್ರಾಯಗಳೇನೂ ಕಡಿಮೆಯಿಲ್ಲ. ಈಚೀಚೆಗೆ ಪ್ರದರ್ಶನಗಳಲ್ಲಿ ಗೆಲ್ಲುವ ಅಲ್ಸೇಷನ್‌ಗಳ ಬೆನ್ನು ಭುಜದಿಂದ ಬಾಲದ ಕಡೆಗೆ ಇಳಿಜಾರಾಗಿ, ಹಿಂಗಾಲು ಮಡಿಸಿಕೊಂಡಂತೆ ಇರುತ್ತದೆ. ನಿಲ್ಲಿಸಿದಾಗ ನೋಡಲು ಬಲು ಚೆಂದ. ಮಾರಕ್ಕನಿಗೆ ಅದು ಒಂದಿಷ್ಟೂ ಒಪ್ಪಿಗೆಯಿಲ್ಲ. "ಅರ್ಧ ಕುಂತಂಗೆ ನಿಂತ್ಕಂತವೆ. ಕುಂತ ನಾಯಿ ಕುರಿ ತಿರುಗ್ಸಾದು ಯಾವಾಗ? ಎದ್ದೇಳೋ ಹೊತ್ಗೆ ಕುರಿ ಪಕ್ಕದೂರು ಸೇರಿರ್ತದೆ."

ಓಡಿಸಿ ನೋಡುವ ರೀತಿಯ ಮೇಲೂ ತಕರಾರಿದೆ. ಕಣದಲ್ಲಿ ನಾಯಿಯನ್ನು ಓಡಿಸುವವರು ಚೈನನ್ನು ಬಿಗಿಯಾಗಿ ಮೇಲಕ್ಕೆ ಎಳೆದು ಹಿಡಿದಿರುತ್ತಾರೆ. "ಕತ್ತು ಎತ್ತಿ ಹಿಡಿದ್ರೆ ಕುಂಟನೂ ನೆಟ್ಟಗೆ ಓಡ್ತಾನೆ. ಅದೂ ಹುಲ್ಲಿನ ಮ್ಯಾಲೆ. ಹುಲ್ಲಲ್ಲಿ ಹೆಜ್ಜೆ ಎಲ್ಲಿ ಕಾಣ್ತದೆ? ಒಂದು ನಾಯಿಗೆ ಎರಡು ನಿಮಿಷ ಅಷ್ಟೆ. ಸಂತೇಲಿ ಟಗರು ಕೊಳ್ಳೋನು ಅರ್ಧ ದಿನ ಸುತ್ತು ಹಾಕ್ತಾನೆ, ಹಲ್ಲು ಹಿಡೀತಾನೆ, ಬಿಡ್ತಾನೆ, ಟೀ ಕುಡ್ದು ಬಂದು ಮತ್ತೆ ಹಿಡೀತಾನೆ." ಹಾಗೆಂದು ತೀರ್ಪುಗಾರರನ್ನು ಅವರು ಹಗುರವಾಗಿ ಕಾಣುವುದಿಲ್ಲ. ನಾಯಿಯನ್ನು ಮುಟ್ಟುವ ಮುಂಚೆ ಕೈಯನ್ನು ಮೂಸಲು ಕೊಡುವ ಜಡ್ಜ್ ಒಳ್ಳೆಯವನು. ಪಾದವನ್ನು ಎತ್ತಿ ಅಂಗಾಲು ನೋಡುವವನು ಇನ್ನೂ ಒಳ್ಳೆಯವನು. ಮುಖ ನೋಡಿ ಮುಂದಕ್ಕೆ ಹೋಗುವವನನ್ನು ಮಾರಕ್ಕ "ಹೆಣ್ಣು ನೋಡಕ್ಕೆ ಬಂದೋನು" ಎಂದು ಕರೆಯುತ್ತಾರೆ.

ಗೌರಿ ಈ ಗೂಡಿನಲ್ಲೇ ಹುಟ್ಟಿದ್ದು. ತಾಯಿ ಮೂರನೇ ದಿನ ಸತ್ತಿತು. ಆರು ಮರಿಗಳಲ್ಲಿ ಉಳಿದದ್ದು ಇದೊಂದೇ. ಮಾರಕ್ಕ ಮೇಕೆ ಹಾಲಿನಲ್ಲಿ ಬತ್ತಿ ಅದ್ದಿ ಚೀಪಿಸಿ, ಮಡಿಲಲ್ಲಿ ಮಲಗಿಸಿಕೊಂಡು ಬೆಳೆಸಿದರು. ಬೆನ್ನು ನೇರ, ಬಣ್ಣ ಸ್ವಲ್ಪ ಮಾಸಲು, ಮುಖ ಸಾಧಾರಣ. ಎಡ ಕಿವಿಯ ಹಿಂದೆ ಬೆರಳುದ್ದ ಗಾಯದ ಕಲೆ, ಅಲ್ಲಿ ಕೂದಲು ಬರುವುದಿಲ್ಲ.

ಆ ಗಾಯದ ಕಥೆಯನ್ನು ಬೈರಪ್ಪ ಹೇಳಬೇಕು. ಹೋದ ವರ್ಷ ಒಂದು ಸಂಜೆ ಅವರ ಮಂದೆ ಪಕ್ಕದ ಬೀಳಿನಲ್ಲಿ ಮೇಯುತ್ತಿದ್ದಾಗ ಹದಿನೈದು ಇಪ್ಪತ್ತು ಕುರಿಗಳು ಬೇಲಿಯ ಸಂದಿನಿಂದ ದ್ರಾಕ್ಷಿ ತೋಟಕ್ಕೆ ನುಗ್ಗಿದವು. "ನಾನು ಆ ತುದೀಲಿದ್ದೆ. ಓಡಿದ್ರೂ ಸಿಗಲ್ಲ. ಈ ಹೆಣ್ಣು ಎಲ್ಲಿತ್ತೋ ಏನೋ, ಮುಳ್ಳುತಂತಿ ಕೆಳಗೆ ನುಗ್ಗಿ ಬಂದ್ಬಿಡ್ತು. ಕಿವಿ ಹಿಂದೆ ಹರೀತು, ರಕ್ತ ಸುರೀತಿತ್ತು. ಒಂದು ಕುರಿಗೂ ಬಾಯಿ ಹಾಕ್ಲಿಲ್ಲ ಕಣಮ್ಮ. ಸುತ್ತು ಹಾಕಿ, ಸುತ್ತು ಹಾಕಿ, ಅಷ್ಟನ್ನೂ ಬಂದ ಸಂದಿನಾಗೇ ವಾಪಸು ಹೊಡೀತು. ಯಾರು ಕಲಿಸಿದ್ರು ಅದಕ್ಕೆ? ನಮ್ಮ ಬೀರೇಶಂಗೆ ಹತ್ತು ವರ್ಷದಿಂದ ಕಲಿಸ್ತಿದ್ದೀನಿ, ಇನ್ನೂ ಬಂದಿಲ್ಲ." ಬೀರೇಶ್ ಅವರ ಅಳಿಯ.

ಜೂಲಿಯನ್ನು ನವೀನ್ ಎರಡು ವರ್ಷದ ಹಿಂದೆ ಮದರಾಸಿನಿಂದ ತಂದರು. ಕಪ್ಪು ಹೊಂಬಣ್ಣದ ಮೈ, ಇಳಿಜಾರು ಬೆನ್ನು, ನೋಡಿದವರು ನಿಂತು ನೋಡಬೇಕು. ಸ್ವಭಾವವೂ ಬಹಳ ಮೃದು. ಮಾರಕ್ಕನಿಗೆ ಅದರ ಮೇಲೆ ಕೋಪವಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊತ್ತು ಕಾಲು ಒತ್ತುವುದು ಅದಕ್ಕೇ. ಆದರೆ ಬಂದ ಮೊದಲ ದಿನವೇ ಬೂದಿಯಲ್ಲಿ ಅದರ ಹೆಜ್ಜೆ ನೋಡಿ ನವೀನ್‌ಗೆ ಹೇಳಿದ್ದರು: ಹಿಂಗಾಲು ಎರಡೂ ಹೊರಗೆ ಬೀಳುತ್ತಿವೆ, ಬಲಗಡೆಯದು ಉಗುರು ಎಳೆಯುತ್ತಿದೆ. ಮರಿ ಹಾಕಿದರೆ ಮರಿಗೂ ಅದೇ ಬರುತ್ತದೆ. ನವೀನ್ ಕೇಳಿಸಿಕೊಂಡು ನಕ್ಕಿದ್ದರು. "ನಿನ್ನ ಬೂದಿ ನಂಗೊಬ್ಬನಿಗೇ ಅರ್ಥ ಆಗೋದು ಮಾರಕ್ಕ. ಮರಿ ಕೊಳ್ಳೋಕೆ ಬರೋನು ವಂಶದ ಕಾಗದ ಕೇಳ್ತಾನೆ, ಪ್ರದರ್ಶನದಲ್ಲಿ ಗೆದ್ದ ರಿಬ್ಬನ್ ಕೇಳ್ತಾನೆ."

ಈ ಸಲ ಮಾತು ರಿಬ್ಬನ್‌ಗೇ ಬಂದು ನಿಂತಿತು. ಬೆಂಗಳೂರಿನಲ್ಲಿ ಹೆಸರಾದ ಒಂದು ಗಂಡು ನಾಯಿ ಇದೆ. ಅದರ ಮಾಲೀಕರು ಜೋಡಿಗೆ ಪ್ರದರ್ಶನದಲ್ಲಿ ಗೆದ್ದ ಹೆಣ್ಣನ್ನು ಮಾತ್ರ ಒಪ್ಪುತ್ತಾರೆ. ಮರಿ ಹಾಕಿಸಿ ಸಾಕುವಷ್ಟು ಜಾಗ ಇಲ್ಲಿ ಇರುವುದು ಇವೆರಡರಲ್ಲಿ ಒಂದಕ್ಕೇ. ಹಂಚಿನ ಕಾರ್ಖಾನೆಯವರು ನಾಯಿ ಕೇಳಿದಾಗ ನವೀನ್ ಹೀಗೆ ತೀರ್ಮಾನ ಮಾಡಿದರು: ಗೌರಿ, ಜೂಲಿ ಎರಡನ್ನೂ ಭಾನುವಾರದ ಪ್ರದರ್ಶನಕ್ಕೆ ಹಾಕುವುದು. ಮೇಲೆ ಬಂದದ್ದು ಇಲ್ಲಿ ಉಳಿಯುತ್ತದೆ. ಕೆಳಗಾದದ್ದು ಕಾರ್ಖಾನೆಗೆ ಹೋಗುತ್ತದೆ.

ಪ್ರದರ್ಶನ ನಡೆದದ್ದು ದೊಡ್ಡಬಳ್ಳಾಪುರದ ಒಂದು ಸ್ಕೂಲಿನ ಮೈದಾನದಲ್ಲಿ. ಆ ಊರಿಗೆ ಇದು ಹೊಸದು. ಹತ್ತು ಗಂಟೆಗೆ ಕರೆಂಟು ಹೋಯಿತು. ಬೀದಿಬೀದಿಯಲ್ಲಿ ಟಕಟಕ ಎನ್ನುತ್ತಿದ್ದ ಮಗ್ಗಗಳು ಒಟ್ಟಿಗೆ ನಿಂತವು. ಐದು ನಿಮಿಷದಲ್ಲಿ ಮೈದಾನದ ಹಗ್ಗದ ಸುತ್ತ ನೇಯುವವರು, ಅವರ ಹೆಂಗಸರು, ನೂಲು ಸುತ್ತುವ ಮುದುಕಿಯರು, ಎಲ್ಲ ಬಂದು ನೆರೆದರು.

"ಏನ್ ಗುರು ಇದು, ನಾಯಿಗೆ ಸ್ನಾನ ಮಾಡ್ಸಿ ಬಾಚವ್ರೆ! ನಂಗೇ ಮನೇಲಿ ಯಾರೂ ಬಾಚಲ್ಲ."

"ಬಾಚೋಕೆ ನಿನ್ನ ತಲೇಲಿ ಏನೈತೆ?"

"ಅಯ್ಯೋ, ಆ ನಾಯಿ ನೋಡ್ರೇ, ಎಷ್ಟು ಲಕ್ಷಣವಾಗೈತೆ. ರೇಷ್ಮೆ ಇದ್ದಂಗೈತೆ."

ಕೊನೆಯ ಮಾತನ್ನು ಹೇಳಿದ ಮುದುಕಿ ಕೈ ತೋರಿಸಿದ್ದು ಗೌರಿಯನ್ನು. ಮಾರಕ್ಕ ಗೌರಿಯನ್ನು ತಮ್ಮ ಸೀರೆಯ ಮರೆಗೆ ಎಳೆದುಕೊಂಡರು. ಕುರಿ ಮನೆಯವರು ಒಳ್ಳೆಯ ಟಗರನ್ನು ಸಂತೆಗೆ ಹೊಡೆದುಕೊಂಡು ಹೋಗುವ ಮುಂಚೆ ಕಿವಿಯ ಹಿಂದೆ, ಯಾರಿಗೂ ಕಾಣದ ಕಡೆ, ಒಂದು ಕಾಡಿಗೆ ಬೊಟ್ಟು ಇಡುತ್ತಾರೆ. ನೂರು ಕಣ್ಣು ಬಿದ್ದರೂ ದೃಷ್ಟಿ ತಾಗದಿರಲಿ ಎಂದು. ಮಾರಕ್ಕ ಮದುವೆಯಾದ ಮೇಲೆ ಇಟ್ಟ ಬೊಟ್ಟುಗಳಿಗೆ ಲೆಕ್ಕವಿಲ್ಲ. ನವೀನ್ ನಾಯಿಗಳ ಹೆಸರು ಬರೆಸಲು ಹೋಗಿದ್ದರು. ಮಾರಕ್ಕ ಎಲೆಅಡಿಕೆ ಚೀಲದಿಂದ ಕಾಡಿಗೆ ಡಬ್ಬಿ ತೆಗೆದು, ಬೆರಳಿಗೆ ಹಚ್ಚಿಕೊಂಡು, ಗೌರಿಯ ಎಡ ಕಿವಿಯನ್ನು ಮಡಿಸಿ, ಕೂದಲಿಲ್ಲದ ಆ ಕಲೆಯ ಮೇಲೆಯೇ ಇಟ್ಟರು. ಬೇರೆ ಕಡೆ ಇಟ್ಟರೆ ಕೂದಲಿಗೆ ಹತ್ತಿ ಅಂದ ಕೆಡುತ್ತದೆ ಎಂಬುದು ಅವರ ಲೆಕ್ಕಾಚಾರ.

ಕಣದಲ್ಲಿ ನಾಯಿ ಓಡಿಸಲು ಬೆಂಗಳೂರಿನಿಂದ ಹರಿಪ್ರಸಾದ್ ಬಂದಿದ್ದರು. ಬಾಡಿಗೆಗೆ ನಾಯಿ ತೋರಿಸುವುದು ಅವರ ಕಸುಬು, ಕಟ್ಟಿದ ಟೈ, ಮಿಂಚುವ ಬೂಟು. ಹಗ್ಗದ ಆಚೆ ಮಾರಕ್ಕ ನಿಂತು ನೋಡುತ್ತಿದ್ದರು. ತೀರ್ಪುಗಾರರು ವಯಸ್ಸಾದವರು, ದೂರದ ಊರಿನವರು. ಗೌರಿಗೆ ಕೈ ಮೂಸಲು ಕೊಟ್ಟರು. ಹಲ್ಲು ನೋಡಿದರು. ಪಾದ ಎತ್ತಿ ಅಂಗಾಲು ಒತ್ತಿದರು. ಬೆನ್ನ ಮೇಲೆ ಅಂಗೈ ಆಡಿಸಿ ಒಂದು ಸಲ ತಲೆದೂಗಿದರು. "ಆಗ ನನ್ನ ಜೀವ ಜೀವದಾಗೆ ಇರ್ಲಿಲ್ಲ," ಎನ್ನುತ್ತಾರೆ ಮಾರಕ್ಕ. "ಆವಯ್ಯಂಗೆ ಗೊತ್ತಾಗೋಯ್ತು. ಕೈಗೆ ಗೊತ್ತಾಗೋಯ್ತು, ಇದು ಕೆಲಸದ ಪ್ರಾಣಿ ಅಂತ."

ಆ ಕೈ ಬೆನ್ನಿನಿಂದ ಕತ್ತಿಗೆ, ಕತ್ತಿನಿಂದ ಕಿವಿಗೆ ಹೋಯಿತು. ಹೊರಗೆ ಬಂದಾಗ ಬೆರಳು ಕಪ್ಪಾಗಿತ್ತು. ತೀರ್ಪುಗಾರರು ಬಿಳಿ ಕರ್ಚೀಫು ತೆಗೆದು ಕಿವಿಯ ಹಿಂದೆ ಉಜ್ಜಿದರು. ಕಾಡಿಗೆಯ ಕೆಳಗಿನಿಂದ ಗಾಯದ ಕಲೆ ಎದ್ದು ಕಂಡಿತು. ಕರ್ಚೀಫನ್ನು ಹರಿಪ್ರಸಾದ್ ಮುಖದ ಮುಂದೆ ಹಿಡಿದು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಹರಿಪ್ರಸಾದ್ ತಬ್ಬಿಬ್ಬಾಗಿ ತಲೆ ಅಲ್ಲಾಡಿಸಿದರು. ತೀರ್ಪುಗಾರರು ಬೆರಳನ್ನು ಕಣದ ಬಾಗಿಲ ಕಡೆ ತೋರಿಸಿದರು.

ಗೌರಿಯ ಚೈನನ್ನು ಮಾರಕ್ಕನ ಕೈಗೆ ಕೊಡುವಾಗ ಹರಿಪ್ರಸಾದ್‌ ಟೈ ಸಡಿಲಿಸಿಕೊಂಡರು. "ಏನಿದು ಮಾರಕ್ಕ? ಕಲರ್ ಹಚ್ಚಿ ಗಾಯ ಮುಚ್ಚಿದ್ದೀರಾ ಅಂತ ಕೇಳ್ತಾರೆ! ನನ್ನ ಮರ್ಯಾದೆ ಹೋಯ್ತು."

"ಮುಚ್ಚಿಲ್ಲಪ್ಪ. ದೃಷ್ಟಿ ಬೊಟ್ಟು ಇಕ್ಕಿದ್ದೆ."

"ದೃಷ್ಟಿ ಬೊಟ್ಟಾ? ನಾಯಿಗಾ?"

ನವೀನ್ ಅಷ್ಟರಲ್ಲಿ ಓಡಿ ಬಂದಿದ್ದರು. ಕಣ ಖಾಲಿಯಾದ ಮೇಲೆ ಹೋಗಿ ತೀರ್ಪುಗಾರರ ಜೊತೆ ಮಾತಾಡಿ ಬಂದರು. ಅವರು ಹೇಳಿದ್ದು ಇಷ್ಟು: ಗಾಯದ ಕಲೆಗೆ ನಾನು ಅಂಕವನ್ನೇನೂ ಕಳೆಯುತ್ತಿರಲಿಲ್ಲ, ದುಡಿಯುವ ಜಾತಿಯ ನಾಯಿಗೆ ಗಾಯ ಆಗುತ್ತದೆ, ಅದು ಕುಂದಲ್ಲ. ಮೈಗೆ ಬಣ್ಣ ಹಚ್ಚಿದರೆ ಮಾತ್ರ ನಿಯಮ ಒಂದೇ, ಹೊರಗೆ ಕಳಿಸಬೇಕು. ಯಾಕೆ ಹಚ್ಚಿದಿರಿ ಎಂದು ನಾನು ಕೇಳುವ ಹಾಗಿಲ್ಲ.

ಅದೇ ವಿಭಾಗದಲ್ಲಿ ಮೊದಲ ಬಹುಮಾನ ಜೂಲಿಗೆ ಬಂತು. ಹುಲ್ಲಿನ ಮೇಲೆ, ಬಿಗಿಯಾಗಿ ಎಳೆದು ಹಿಡಿದ ಚೈನಿನಲ್ಲಿ, ಅದು ನಿಜಕ್ಕೂ ಬಹಳ ಚೆನ್ನಾಗಿ ಓಡಿತು. ಕರೆಂಟು ಬಂತು, ಮಗ್ಗಗಳು ಮತ್ತೆ ಶುರುವಾದವು, ಜನ ಚೆದುರಿದರು.

ವಾಪಸು ಬರುವಾಗ ಮೆಟಡಾರ್‌ನಲ್ಲಿ ಮಾರಕ್ಕ ಹಿಂದೆ ನಾಯಿಗಳ ಜೊತೆ ಕೂತಿದ್ದರು. ಒಂದು ಕಡೆ ರಿಬ್ಬನ್ ಕಟ್ಟಿಕೊಂಡ ಜೂಲಿ ಅವರ ಕಾಲ ಮೇಲೆ ತಲೆಯಿಟ್ಟು ಮಲಗಿತ್ತು, ಇನ್ನೊಂದು ಕಡೆ ಗೌರಿ. "ನವೀನಪ್ಪ ಒಂದು ಮಾತೂ ಬೈಲಿಲ್ಲ," ಎನ್ನುತ್ತಾರೆ. "ಬೈದಿದ್ರೆ ಸರಿಹೋಗಿರೋದು. ನಂಗೂ ಬಾಯಿ ಬರೋದು." ಆವತ್ತಿನಿಂದ ಕಾಡಿಗೆ ಡಬ್ಬಿ ಅವರ ಎಲೆಅಡಿಕೆ ಚೀಲದಲ್ಲಿಲ್ಲ.

ಕಾರ್ಖಾನೆಯಲ್ಲಿ ನಾಯಿಯನ್ನು ಎಲ್ಲಿ ಕಟ್ಟುತ್ತಾರೆಂದು ಮಾರಕ್ಕ, ಹಿಂದೆ ನಾಯಿ ಕೇಳಲು ಬಂದಿದ್ದ ಜೀಪಿನ ಡ್ರೈವರನ್ನು ಕೇಳಿ ತಿಳಿದುಕೊಂಡಿದ್ದಾರೆ. ಗೇಟಿನ ಪಕ್ಕ ಸಿಮೆಂಟಿನ ಕಟ್ಟೆ, ಒಂದು ಕಬ್ಬಿಣದ ಗೂಟ, ಎರಡು ಮಾರು ಸರಪಳಿ. ಹಗಲೂ ರಾತ್ರಿ ಅಲ್ಲೇ. ಊಟಕ್ಕೆ ಕೊರತೆಯಿಲ್ಲವಂತೆ. "ಊಟ ಹಾಕ್ತಾರೆ, ಸರಿ. ಕಾಲು? ಒಂದು ವರ್ಷ ಸಿಮೆಂಟಿನ ಮ್ಯಾಲೆ ನಿಂತ್ರೆ ಬೆರಳು ಅಗಲ ಆಗೋಯ್ತವೆ. ಆಮ್ಯಾಲೆ ಬೂದಿ ಮ್ಯಾಲೆ ನಡೆಸಿದ್ರೂ ಇದು ಗೌರಿ ಅಂತ ನಂಗೇ ಗೊತ್ತಾಗಲ್ಲ."

ಎಂಟು ಗಂಟೆಗೆ ಇನ್ನೂ ಹತ್ತು ನಿಮಿಷವಿರುವಾ‌ಗಲೇ ಜೀಪು ಬಂದು ಚಪ್ಪರದ ತುದಿಯಲ್ಲಿ ನಿಲ್ಲುತ್ತದೆ. ಡ್ರೈವರ್ ಇಂಜಿನ್ ಆರಿಸುವುದಿಲ್ಲ, ಕೂತಲ್ಲೇ ಬೀಡಿ ಹಚ್ಚುತ್ತಾನೆ. ಮನೆ ಕಡೆಯಿಂದ ನವೀನ್ ಬರುತ್ತಾರೆ. ಕೈಯಲ್ಲಿ ಹೊಸ ಸರಪಳಿ, ಕಂಕುಳಲ್ಲಿ ಗೌರಿಯ ಕಾಗದಗಳು.

ಮಾರಕ್ಕ ಅವರನ್ನು ನೋಡಿದರೂ ಕೆಲಸ ನಿಲ್ಲಿಸುವುದಿಲ್ಲ. ಪೊರಕೆಯಲ್ಲಿ ನಾಲ್ಕಡಿ ಬೂದಿಯನ್ನೂ ಸಮ ಮಾಡುತ್ತಾರೆ. ಮೊದಲು ಜೂಲಿಯನ್ನು ಎಡಗಡೆಯ ಅರ್ಧದ ಮೇಲೆ ಓಡಿಸುತ್ತಾರೆ, ಚೈನು ಸಡಿಲ ಬಿಟ್ಟು. ಕಂಬಕ್ಕೆ ಕಟ್ಟಿ ಬಂದು ಗೌರಿಯನ್ನು ಬಲಗಡೆಯ ಅರ್ಧದ ಮೇಲೆ ಓಡಿಸುತ್ತಾರೆ. ಈಗ ಹತ್ತು ಮಾರು ಉದ್ದಕ್ಕೂ ಎರಡು ಸಾಲು ಹೆಜ್ಜೆ ಒಂದರ ಪಕ್ಕ ಒಂದು ಬಿದ್ದಿವೆ. ಎಡಗಡೆ, ಜೂಲಿಯ ಹೆಜ್ಜೆಯಲ್ಲಿ, ಮುಂಗಾಲಿನ ಗುರುತು ಒಂದು ಕಡೆ, ಹಿಂಗಾಲಿನದು ಅದರಿಂದ ಮೂರು ಬೆರಳು ಹೊರಗೆ. ಬಲ ಹಿಂಗಾಲು ಇಟ್ಟಲ್ಲೆಲ್ಲ ಉಗುರು ಎಳೆದ ಗೀರು. ಬಲಗಡೆ ಇರುವುದು ಒಂದೇ ಸಾಲು. ನಾಲ್ಕು ಕಾಲಿನ ಪ್ರಾಣಿ ಹೋಯಿತೋ ಎರಡು ಕಾಲಿನದೋ ಎಂದು ಅನುಮಾನ ಬರುವಷ್ಟು ನೇರ.

ನವೀನ್ ದಾರಿಯ ಅಂಚಿಗೆ ಬಂದು ನಿಲ್ಲುತ್ತಾರೆ. ಅವರ ಕಣ್ಣು ಜೀಪಿನ ಕಡೆಗಿದೆ. ಚಪ್ಪರದ ಎಲೆಗಳು ಮೆಲ್ಲಗೆ ಅಲುಗಲು ಶುರುವಾಗಿವೆ.

ಮಾರಕ್ಕ ಗೌರಿಯ ಚೈನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಾರೆ. "ನವೀನಪ್ಪಾ, ಬೊಟ್ಟು ಇಕ್ಕಿದ್ದು ನಾನು. ಆ ತಪ್ಪು ನಂಗಿರ್ಲಿ. ಗಾಳಿ ಏಳೋಕೆ ಮುಂಚೆ ಒಂದ್ಸಲ ಬಗ್ಗಿ ಇವೆರಡನ್ನೂ ನೋಡಪ್ಪ."

ಜೀಪಿನ ಇಂಜಿನ್ ಓಡುತ್ತಲೇ ಇದೆ. ನವೀನ್ ಸರಪಳಿ ಹಿಡಿದುಕೊಂಡೇ ಬೂದಿಯ ಕಡೆ ಬಗ್ಗುತ್ತಾರೆ.